ಟ್ರೇಲರ್ ಐದು ಇಂಚು ಮೇಲೇರಿದ ಕಥೆ: ಆಕ್ಸಲ್ ಕಿಟ್‌ನೊಂದಿಗೆ ಮೂರು ವರ್ಷ

ನಮ್ಮ ಪಿಕಪ್‌ನ ಹಿಂಬದಿಯ ಸಾಮಾನು ತೊಟ್ಟಿಯ ಎಡ ಅಂಚಿನಲ್ಲಿ ಹೆಬ್ಬೆರಳು ಕೂರುವಷ್ಟು ಒಂದು ತಗ್ಗು ಇದೆ. ಗಾಡಿ ಕೈಗೆ ಬಂದ ಹನ್ನೊಂದನೆಯ ದಿನ ಬಿದ್ದದ್ದು. ಪ್ರವಾಸದ ಮನೆಯಂಥ ನಮ್ಮ ಟ್ರೇಲರ್ ಎಳೆದುಕೊಂಡು ಮೈದಾನದಿಂದ ರಸ್ತೆಗೆ ಬರುವಾಗ ನಡುವೆ ಮಳೆನೀರು ಕೊರೆದ ಕಾಲುವೆಯೊಂದಿತ್ತು. ಅದನ್ನು ಓರೆಯಾಗಿ ದಾಟಿದೆ. ಬಲಗಡೆಯ ಚಕ್ರ ಇಳಿಯಿತು, ಎಡಗಡೆಯ ಅಂಚು ಮೇಲೆದ್ದಿತು, ತೊಟ್ಟಿಯ ಮೇಲೆ ಚಾಚಿಕೊಂಡಿದ್ದ ಟ್ರೇಲರ್‌ನ ತಳಕ್ಕೆ ಬಡಿಯಿತು. ಆ ಸದ್ದು ಕೇಳಿದ ಮೇಲೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಟೇಪು ಹಿಡಿದೆ. ತೊಟ್ಟಿಯ ಅಂಚಿಗೂ ಟ್ರೇಲರ್‌ನ ತಳಕ್ಕೂ ನಡುವೆ ನಾಲ್ಕೇ ಇಂಚು. ಐದೂವರೆಯಿಂದ ಆರು ಇಂಚಾದರೂ ಇರಬೇಕು ಎಂಬುದು ಫಿಫ್ತ್ ವೀಲ್, ಅಂದರೆ ಹೀಗೆ ಪಿಕಪ್‌ನ ತೊಟ್ಟಿಯೊಳಗೇ ಜೋಡಿಸುವ ಟ್ರೇಲರ್, ಎಳೆಯುವವರ ನಡುವೆ ಎಲ್ಲರೂ ಒಪ್ಪುವ ಮಾತು. ಈಗಿನ ಪಿಕಪ್‌ಗಳ ತೊಟ್ಟಿ ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಿದೆ, ನನ್ನ ಟ್ರೇಲರ್ ಮಾತ್ರ ಹಳೆಯ ಕಾಲದ ತಗ್ಗು ಗಾಡಿಗಳಿಗೆಂದು ಮಾಡಿದ್ದು. ತೊಂದರೆಯ ಬೇರು ಅಲ್ಲೇ ಇತ್ತು.

ಎಲ್ಲರೂ ಮೊದಲು ಮಾಡುವುದನ್ನೇ ನಾನೂ ಮಾಡಿದೆ. ತೊಟ್ಟಿಯಲ್ಲಿ ಟ್ರೇಲರ್‌ನ ಪಿನ್ ಹಿಡಿದುಕೊಳ್ಳುವ ಹಿಚ್‌ನ ಬೋಲ್ಟ್ ಬಿಚ್ಚಿ ಎರಡು ಇಂಚು ಮೇಲಕ್ಕೆ ಕೂರಿಸಿದೆ. ಸಂದು ಆರು ಇಂಚಾಯಿತು. ಆದರೆ ಮೊದಲೇ ಒಂದೂವರೆ ಇಂಚು ಮೂತಿ ಎತ್ತಿಕೊಂಡಿದ್ದ ಟ್ರೇಲರ್ ಈಗ ಮೂರೂವರೆ ಇಂಚು ಎತ್ತಿಕೊಂಡಿತು. ಮುಂದೆ ಗಳಿಸಿದ್ದನ್ನು ಹಿಂದೆ ಕಳೆದುಕೊಂಡೆ: ಪೆಟ್ರೋಲ್ ಬಂಕಿನ ಇಳಿಜಾರಿನಲ್ಲಿ ಹಿಂಬದಿಯ ಕೊಳಚೆ ಕೊಳವೆ ನೆಲಕ್ಕೆ ಉಜ್ಜತೊಡಗಿತು. ಅದಕ್ಕಿಂತ ಹೆಚ್ಚು ಹೆದರಿಸಿದ್ದು ಟೈರು. ಐವತ್ತು ಮೈಲಿ ಓಡಿಸಿ ನಿಲ್ಲಿಸಿ ಅಂಗೈ ಇಟ್ಟು ನೋಡಿದರೆ ಮುಂದಿನ ಜೋಡಿ ಬೆಚ್ಚಗೆ, ಹಿಂದಿನ ಜೋಡಿ ಸುಡುಬಿಸಿ. ಎರಡು ಆಕ್ಸಲ್‌ಗಳ (ಚಕ್ರದ ಅಚ್ಚುಗಳ) ನಡುವೆ ಭಾರ ಹಂಚಲು ಈಕ್ವಲೈಜರ್ ಎಂಬ ಓಲಾಡುವ ಕೊಂಡಿ ಇದೆ ನಿಜ, ಆದರೆ ಅದರ ಓಲಾಟಕ್ಕೂ ಒಂದು ಮಿತಿ ಇದೆ. ಮೂತಿ ಎತ್ತಿದ ಟ್ರೇಲರ್ ಹೆಚ್ಚು ಭಾರವನ್ನು ಹಿಂದಿನ ಆಕ್ಸಲ್‌ನ ಮೇಲೆ ಹೇರುತ್ತದೆ.

ಆಗಲೇ ಮನಸ್ಸು ಗಟ್ಟಿ ಮಾಡಿದೆ. ಎತ್ತಬೇಕಾದದ್ದು ಹಿಚ್ ಅಲ್ಲ, ಟ್ರೇಲರ್.

ಅದಕ್ಕಾಗಿ ಕೊಂಡದ್ದೇ ಈ ಆಕ್ಸಲ್ ಕಿಟ್. ಅದರ ವಿವರ ಚುಟುಕಾಗಿ ಹೇಳುತ್ತೇನೆ. ನನ್ನ ಟ್ರೇಲರ್‌ನಲ್ಲಿ ಪಟ್ಟಿ ಸ್ಪ್ರಿಂಗುಗಳು ಆಕ್ಸಲ್‌ನ ಕೆಳಗಿದ್ದವು. ಸ್ಪ್ರಿಂಗು ಕೂರಲೆಂದು ಕಿಟ್‌ನಲ್ಲಿ ಬರುವ ಹೊಸ ಸೀಟುಗಳನ್ನು ಆಕ್ಸಲ್‌ನ ಮೇಲ್ಭಾಗಕ್ಕೆ ಬೆಸೆದು ಸ್ಪ್ರಿಂಗನ್ನು ಅಲ್ಲಿ ಕೂರಿಸಿದರೆ ಆಕ್ಸಲ್ ಕೊಳವೆಯ ದಪ್ಪ, ಸ್ಪ್ರಿಂಗಿನ ದಪ್ಪ ಎರಡೂ ಸೇರಿ ಇಡೀ ಟ್ರೇಲರ್ ಮೇಲೇಳುತ್ತದೆ. ನನಗೆ ಸಿಕ್ಕಿದ್ದು ಐದು ಇಂಚು. ಕಿಟ್ ಏಕೆ, ಇರುವ ಆಕ್ಸಲ್ ಅನ್ನೇ ಮಗುಚಿ ಹಾಕಿದರಾಯಿತಲ್ಲ ಎಂದು ಪರಿಚಿತರೊಬ್ಬರು ಹೇಳಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಇಂಥ ಆಕ್ಸಲ್ ನೋಡಲು ನೇರವಾಗಿ ಕಂಡರೂ ನಡುವೆ ಸ್ವಲ್ಪ ಮೇಲಕ್ಕೆ ಬಾಗಿರುತ್ತದೆ. ಭಾರ ಬಿದ್ದಾಗ ಚಕ್ರಗಳು ನೆಟ್ಟಗೆ ನಿಲ್ಲಲಿ ಎಂದೇ ಆ ಬಾಗು. ಮಗುಚಿದರೆ ಬಾಗು ಕೆಳಗಾಗಿ ಟೈರುಗಳು ಒಂದೇ ಕಡೆ ಸವೆದು ಹೋಗುತ್ತವೆ.

ಬೆಸುಗೆಯನ್ನು ನಾನು ಮುಟ್ಟಲಿಲ್ಲ. ಅದು ಪಳಗಿದ ಕೈಯ ಕೆಲಸ. ಉಳಿದದ್ದನ್ನು ಜೊತೆಗೆ ನಿಂತು ಮಾಡಿದೆ. ಆಕ್ಸಲ್‌ನ ಬಳಿ ಐದು ಇಂಚು ಎದ್ದ ಮೇಲೆ ಈಗ ಮೂತಿಯೇ ಒಂದೂವರೆ ಇಂಚು ತಗ್ಗಾಗಿತ್ತು. ಕೊನೆಗೆ ಪಿನ್ ಬಾಕ್ಸನ್ನು, ಅಂದರೆ ಟ್ರೇಲರ್‌ನ ಮೂತಿಯಡಿ ಪಿನ್ ಹೊತ್ತಿರುವ ಪೆಟ್ಟಿಗೆಯನ್ನು, ಒಂದು ತೂತು ಕೆಳಕ್ಕೆ ಇಳಿಸಿದ್ದರಿಂದ ಮೂತಿ ಒಂದೂವರೆ ಇಂಚು ಮೇಲೆದ್ದು ಟ್ರೇಲರ್ ಮಟ್ಟಸವಾಯಿತು. ಚೌಕಟ್ಟಿನ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆದೆ, ಎರಡೂ ಒಂದೇ. ಅಂಚಿನ ಮೇಲಿನ ಸಂದು ಏಳೂವರೆ ಇಂಚು. ಐವತ್ತು ಮೈಲಿಯ ನಂತರ ಮುಟ್ಟಿ ನೋಡಿದರೆ ನಾಲ್ಕೂ ಟೈರುಗಳು ಒಂದೇ ಬಿಸಿ. ಆ ದಿನ ನನಗಾದ ಸಂತೋಷವನ್ನು ಮಾತಿನಲ್ಲಿ ಹೇಳುವುದು ಕಷ್ಟ.

ಇನ್ನು ನನ್ನ ದೂರು. ಸ್ಪ್ರಿಂಗನ್ನು ಆಕ್ಸಲ್‌ಗೆ ಹಿಡಿದಿಡುವ ಯು ಬೋಲ್ಟ್‌ಗಳನ್ನು ಬಿಗಿದು ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಯಲೇಬೇಕು. ಹೊಸ ಜಾಗದಲ್ಲಿ ಸ್ಪ್ರಿಂಗ್ ಕುಳಿತುಕೊಳ್ಳುವಾಗ ನಟ್‌ಗಳು ಸಡಿಲವಾಗುತ್ತವೆ. ನನಗೆ ಬಂದ ಪೆಟ್ಟಿಗೆಯಲ್ಲಿದ್ದ ಕಾಗದದಲ್ಲಿ ಈ ಬಗ್ಗೆ ಒಂದಕ್ಷರವೂ ಇರಲಿಲ್ಲ. ಎಂಬತ್ತು ಮೈಲಿಯ ನಂತರ ಸುಮ್ಮನೆ ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಟ್ಟು ನೋಡಿದಾಗ ಹದಿನಾರರಲ್ಲಿ ಐದು ನಟ್‌ಗಳು ಕಾಲು ಸುತ್ತಿಗಿಂತ ಹೆಚ್ಚು ತಿರುಗಿದವು. ಬೆನ್ನು ತಣ್ಣಗಾಯಿತು. ಹಣ ಕೊಟ್ಟು ಕೊಂಡವನಿಗೆ ಈ ಒಂದು ಸಾಲನ್ನು ಬರೆದು ತಿಳಿಸದಿರುವುದು ಅಕ್ಷಮ್ಯ. ಹಳೆಯ ಯು ಬೋಲ್ಟ್‌ಗಳನ್ನೇ ಮತ್ತೆ ಬಳಸುವ ಆಸೆಯೂ ಬೇಡ. ಒಮ್ಮೆ ಎಳೆದುಕೊಂಡವು ಮತ್ತೆ ಮೊದಲಿನಂತೆ ಹಿಡಿಯುವುದಿಲ್ಲ.

ಎರಡನೆಯದು ಯಾರೂ ಎಚ್ಚರಿಸದೇ ಇದ್ದ ವಿಷಯ, ಬಾಗಿಲ ಮೆಟ್ಟಿಲು. ಟ್ರೇಲರ್ ಎದ್ದಷ್ಟೇ ಮೆಟ್ಟಿಲೂ ಎದ್ದಿತು. ನಮಗೆ ಅದು ಲೆಕ್ಕಕ್ಕೇ ಬರಲಿಲ್ಲ. ಜೊತೆಗೆ ಬರುವ ಅತ್ತೆಯವರಿಗೆ ಮೊಣಕಾಲು ನೋವು. ಅವರು ಒಂದು ಮಾತೂ ಆಡಲಿಲ್ಲ, ಸಂಜೆ ಹೊರಗೆ ಬಂದು ಕೂರುವುದನ್ನು ಬಿಟ್ಟರು ಅಷ್ಟೇ. ಮೂರನೆಯ ಪ್ರವಾಸದಲ್ಲಿ ಹೆಂಡತಿ ಹೇಳಿದ ಮೇಲೆಯೇ ನನಗೆ ಹೊಳೆದದ್ದು. ಇಂಚುಗಳ ಲೆಕ್ಕದಲ್ಲಿ ಮುಳುಗಿ ಕಣ್ಣೆದುರಿನ ಮನುಷ್ಯರನ್ನು ನೋಡದೇ ಹೋದೆನಲ್ಲ ಎಂದು ಇವತ್ತಿಗೂ ಬೇಸರವಿದೆ. ನೆಲಕ್ಕೆ ಕಾಲೂರಿ ನಿಲ್ಲುವ, ಕಾಲುಗಳ ಎತ್ತರ ಬದಲಿಸಬಹುದಾದ ಮಡಚು ಮೆಟ್ಟಿಲು ಸಿಗುತ್ತದೆ. ಅದನ್ನು ಹಾಕಿಸಿ ಪಕ್ಕಕ್ಕೊಂದು ಹಿಡಿಕೆ ಕೂರಿಸಿದೆ. ನಾನು ಕೈ ಚಾಚಿದರೆ ಅತ್ತೆಯವರು ಈಗ "ನಾನೇ ಇಳಿಯುತ್ತೇನೆ, ಬಿಡಿ" ಎನ್ನುತ್ತಾರೆ. ಕಿಟ್‌ನ ಖರ್ಚಿನ ಜೊತೆಗೆ ಮೆಟ್ಟಿಲಿನ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಿ.

ಮೂರನೆಯದು ಒಟ್ಟು ಎತ್ತರ. ಛಾವಣಿಯ ಏಸಿ ಡಬ್ಬಿಯ ಮೇಲೆ ನೇರವಾದ ಹಲಗೆಯೊಂದನ್ನು ಹೊರಚಾಚುವಂತೆ ಇಟ್ಟು, ಅದರ ತುದಿಯಿಂದ ನೆಲಕ್ಕೆ ಟೇಪು ಇಳಿಬಿಟ್ಟು ಅಳೆಯಿರಿ. ನನ್ನದು 12 ಅಡಿ 8 ಇಂಚು ಇದ್ದದ್ದು 13 ಅಡಿ ಅರ್ಧ ಇಂಚಾಗಿದೆ. ಅಮೆರಿಕದ ಹೆಚ್ಚಿನ ರಾಜ್ಯಗಳು ವಾಹನದ ಎತ್ತರಕ್ಕೆ ಹಾಕಿರುವ ಮಿತಿ 13 ಅಡಿ 6 ಇಂಚಿನಿಂದ 14 ಅಡಿ 6 ಇಂಚಿನವರೆಗೆ ಇರುವುದರಿಂದ ಕಾನೂನಿನ ತೊಂದರೆಯಿಲ್ಲ. ಆದರೆ ಹಳೆಯ ಸೇತುವೆಗಳಿಗೆ ಆ ಕಾನೂನು ಗೊತ್ತಿಲ್ಲ. ನಾರ್ತ್ ಕೆರೊಲಿನಾದ ಡರ್ಹಮ್‌ನಲ್ಲಿ ಲಾರಿಗಳ ಛಾವಣಿ ಸುಲಿಯುವುದಕ್ಕೇ ಹೆಸರಾದ ರೈಲು ಸೇತುವೆಯ ಅಡಿಯ ಜಾಗ 11 ಅಡಿ 8 ಇಂಚು ಇತ್ತು. 2019ರಲ್ಲಿ ಎಂಟು ಇಂಚು ಎತ್ತರಿಸಿ 12 ಅಡಿ 4 ಇಂಚು ಮಾಡಿದರು. ಆಮೇಲೂ ಲಾರಿಗಳು ಅದಕ್ಕೆ ಬಡಿಯುತ್ತಲೇ ಇವೆ. ನನ್ನ ಎತ್ತರವನ್ನು ದಪ್ಪ ಅಕ್ಷರದಲ್ಲಿ ಬರೆದು ಚಾಲಕನ ಕಣ್ಣೆದುರಿನ ಬಿಸಿಲು ತಡೆಗೆ ಅಂಟಿಸಿದ್ದೇನೆ.

ಕಿಟ್‌ನಿಂದಾಗಿ ಟ್ರೇಲರ್ ಜೋಡಿಸುವ ಕೆಲಸವನ್ನು ಹೊಸದಾಗಿ ಕಲಿಯಬೇಕಾಯಿತು. ಎತ್ತರ ಬದಲಾದ ಮೇಲೆ ಹಳೆಯ ಕಣ್ಣಂದಾಜು ನಡೆಯುವುದಿಲ್ಲ. ಈಗ ಪಿಕಪ್ ಹಿಂದಕ್ಕೆ ಬರುವಾಗ ಹೆಂಡತಿ ಪಕ್ಕದಲ್ಲಿ ಬಗ್ಗಿ ನೋಡುತ್ತಾಳೆ. ಟ್ರೇಲರ್‌ನ ತಟ್ಟೆ ಹಿಚ್‌ನ ತಟ್ಟೆಗಿಂತ ಅರ್ಧ ಇಂಚು ತಗ್ಗಿನಲ್ಲಿರಬೇಕು. ಆಗ ಹಿಚ್ ತಾನೇ ಅದನ್ನು ಎತ್ತಿಕೊಳ್ಳುತ್ತಾ ಒಳಗೆ ಸರಿಯುತ್ತದೆ, ಗ್ರೀಸ್ ಹಚ್ಚಿದ ಕಬ್ಬಿಣ ಕಬ್ಬಿಣದ ಮೇಲೆ ಜಾರುವ ಸದ್ದು ಕೇಳಿಸುತ್ತದೆ, ಕೊನೆಗೆ ಒಂದು ಗಟ್ಟಿ ಟಕ್. ತಟ್ಟೆ ಎತ್ತರದಲ್ಲಿದ್ದರೂ ಅಂಥದೇ ಟಕ್ ಬರಬಹುದು, ಆದರೆ ಪಿನ್ ಹಿಚ್‌ನ ದವಡೆಯೊಳಗೆ ಸೇರದೆ ಅದರ ಮೇಲೆ ಸುಮ್ಮನೆ ಕುಳಿತಿರುತ್ತದೆ. ಹೊರಟ ಕ್ಷಣ ಟ್ರೇಲರ್ ಧಡಾರನೆ ತೊಟ್ಟಿಯ ಅಂಚಿನ ಮೇಲೆ ಬೀಳುತ್ತದೆ. ಅದಕ್ಕೇ ಟಾರ್ಚ್ ಹಾಕಿ ದವಡೆ ಮುಚ್ಚಿದೆಯೇ ಎಂದು ನೋಡುತ್ತೇನೆ, ಎರಡು ತಟ್ಟೆಗಳ ನಡುವೆ ಬೆಳಕು ತೂರದಿರುವುದನ್ನು ಖಚಿತ ಮಾಡಿಕೊಳ್ಳುತ್ತೇನೆ. ಆಮೇಲೆ ಟ್ರೇಲರ್‌ನ ಮೂತಿಗೆ ಆಸರೆಯಾಗಿರುವ ಮುಂಗಾಲುಗಳನ್ನು ನೆಲದಿಂದ ಒಂದಿಂಚು ಮಾತ್ರ ಎತ್ತಿ, ಟ್ರೇಲರ್‌ನ ಬ್ರೇಕ್ ಹಿಡಿದು, ಮೆಲ್ಲಗೆ ಒಮ್ಮೆ ಎಳೆದು ನೋಡುತ್ತೇನೆ. ಮೂರು ವರ್ಷದಲ್ಲಿ ಒಮ್ಮೆಯೂ ಇದನ್ನು ಬಿಟ್ಟಿಲ್ಲ.

ಹಣ ಕೊಡುವ ಮೊದಲು ಚಕ್ರದ ಹಿಂದೆ ಬಗ್ಗಿ ನೋಡಿ. ನಿಮ್ಮ ಸ್ಪ್ರಿಂಗುಗಳು ಈಗಾಗಲೇ ಆಕ್ಸಲ್‌ನ ಮೇಲಿದ್ದರೆ ಈ ಕಿಟ್‌ನಿಂದ ಒಂದು ಇಂಚೂ ಸಿಗುವುದಿಲ್ಲ. ಆಗ ಚೌಕಟ್ಟಿಗೂ ಸ್ಪ್ರಿಂಗಿನ ಹಿಡಿಕೆಗಳಿಗೂ ನಡುವೆ ಉಕ್ಕಿನ ಉಪಚೌಕಟ್ಟು ಬೆಸೆಸಬೇಕಾಗುತ್ತದೆ. ನಿಮ್ಮ ಕೊರತೆ ಒಂದೆರಡು ಇಂಚಷ್ಟೇ ಆಗಿದ್ದು, ಟ್ರೇಲರ್ ಈಗ ಮುಂದಕ್ಕೆ ತುಸು ಬಾಗಿದ್ದರೆ ಪಿನ್ ಬಾಕ್ಸನ್ನು ಒಂದು ತೂತು ಇಳಿಸಿದರೆ ಸಾಕು. ಅದಕ್ಕೆ ಒಂದು ಸ್ಪ್ಯಾನರ್, ಒಂದು ಜ್ಯಾಕ್, ಅರ್ಧ ದಿನ ಬಿಟ್ಟರೆ ಬೇರೇನೂ ಬೇಡ.