ಆರನೆಯ ಕೋಶದ ಐದನೆಯ ಚುಕ್ಕೆ: ನನ್ನ ಎರಡು ಓದುಯಂತ್ರಗಳು

ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಹುಟ್ಟಿನಿಂದಲೇ ನನಗೆ ದೃಷ್ಟಿಯಿಲ್ಲ. ತರಗತಿಯಲ್ಲಿ ಯಾರಾದರೂ ಎದ್ದು, “ಮೇಡಂ, ಪುಟ 143ರಲ್ಲಿ ಬೇರೆ ಇಸವಿ ಕೊಟ್ಟಿದ್ದಾರಲ್ಲ” ಎಂದರೆ, ಚೀಲದ ಹೊರಜೇಬಿಗೆ ಕೈ ಹಾಕಿ ‘ಗೋ ಟು’ ಗುಂಡಿ ಒತ್ತುತ್ತೇನೆ, ಒಂದು, ನಾಲ್ಕು, ಮೂರು ಒತ್ತಿ ಖಚಿತಪಡಿಸುತ್ತೇನೆ. ಒಂದೇ ಕಿವಿಗೆ ಸಿಕ್ಕಿಸಿಕೊಂಡ ಇಯರ್‌ಫೋನಿನಲ್ಲಿ ಆ ಪುಟ ಶುರುವಾಗುತ್ತದೆ. ಉಳಿದವರು ಹಾಳೆ ತಿರುವಿ ಮುಗಿಸುವ ಹೊತ್ತಿಗೆ ನಾನು ಅಲ್ಲಿ ತಲುಪಿರುತ್ತೇನೆ. ಸ್ಮಾರ್ಟ್‌ಫೋನ್ ಇದ್ದೂ ಪುಸ್ತಕಗಳನ್ನು ಓದಿ ಹೇಳುವ ಈ ವಿಕ್ಟರ್ ರೀಡರ್ ಸ್ಟ್ರೀಮ್ ಯಂತ್ರವನ್ನು ನಾನು ಬಿಡದಿರುವುದಕ್ಕೆ ಈ ಒಂದು ಸೌಕರ್ಯವೇ ಸಾಕು.

ಕೆನಡಾದ ಹ್ಯೂಮನ್‌ವೇರ್ ಕಂಪನಿಯ ಈ ಯಂತ್ರ ಮೊದಲು ಬಂದದ್ದು 2007ರಲ್ಲಿ. ನನ್ನ ಬಳಿ ಇರುವುದು 2013ರಲ್ಲಿ ಬಂದ ಎರಡನೆಯ ಪೀಳಿಗೆಯದು. 2023ರಲ್ಲಿ ಮೂರನೆಯದೂ ಬಂದಿದೆ, ಆದರೆ ಇರುವುದು ಓಡುತ್ತಿರುವಾಗ ಹೊಸದಕ್ಕೆ ಆಸೆಪಡುವ ಜಾಯಮಾನ ನನ್ನದಲ್ಲ. ಅಂಗೈಯೊಳಗೆ ಕೂರುವ ಗಾತ್ರ, ಪರದೆಯಿಲ್ಲ, ಹಳೆಯ ಮೊಬೈಲ್‌ನಂತೆ ಅಂಕಿಗಳ ಗುಂಡಿಗಳು. 2 ಮತ್ತು 8 ಒತ್ತಿದರೆ ಯಾವ ಹಂತದಲ್ಲಿ ಚಲಿಸಬೇಕು ಎಂಬುದನ್ನು ಆರಿಸಬಹುದು: ಅಧ್ಯಾಯವೋ, ಉಪಶೀರ್ಷಿಕೆಯೋ, ಪುಟವೋ. 4 ಒತ್ತಿದರೆ ಹಿಂದಕ್ಕೆ, 6 ಒತ್ತಿದರೆ ಮುಂದಕ್ಕೆ. ನಡುವಿನ 5 ಒತ್ತಿದರೆ ನಾನೀಗ ಎಲ್ಲಿದ್ದೇನೆಂದು ಹೇಳುತ್ತದೆ. 0 ಅನ್ನು ಒತ್ತಿ ಹಿಡಿದರೆ ಬಳಕೆಯ ಕೈಪಿಡಿಯನ್ನೇ ಓದತೊಡಗುತ್ತದೆ. ಮೊದಲ ವಾರ ಆ ಕೈಪಿಡಿಯೇ ನನಗೆ ಮೇಷ್ಟ್ರಾಗಿತ್ತು. ಮಲಗುವಾಗ ಕೇಳುವವರಿಗೆ ತಾನಾಗಿ ಆರುವ ಗಡುವನ್ನೂ ಇಡಬಹುದು. ಗಡುವು ಇಡದೆ ನಿದ್ದೆ ಹೋಗಿ, ಎದ್ದಾಗ ಎರಡು ಶತಮಾನ ದಾಟಿಹೋಗಿದ್ದ ಅನುಭವ ನನಗಿದೆ.

ಈ ಚಲನೆಯೆಲ್ಲ ಸಾಧ್ಯವಾಗುವುದು ಡೈಸಿ ಎಂಬ ಪುಸ್ತಕ ವಿನ್ಯಾಸದಿಂದ. ಇದನ್ನು ಬೆಳೆಸುವುದಕ್ಕೆಂದೇ 1996ರಲ್ಲಿ ಡೈಸಿ ಕನ್ಸೋರ್ಟಿಯಂ ಹುಟ್ಟಿತು. ಬರಿಯ ಎಂಪಿ3 ಎಂದರೆ ಬಿಚ್ಚಿದ ದಾರದ ಉಂಡೆ, ಎಲ್ಲಿ ಕತ್ತರಿಸಿದರೂ ಒಂದೇ. ಡೈಸಿ ಪುಸ್ತಕದಲ್ಲಿ ಧ್ವನಿಯ ಜೊತೆಗೆ ಶೀರ್ಷಿಕೆ, ಪುಟಸಂಖ್ಯೆಗಳ ಗುರುತೂ ಇರುತ್ತದೆ. ಆದರೆ ಗುರುತು ಹಾಕುವುದು ಯಂತ್ರವಲ್ಲ, ಪುಸ್ತಕ ತಯಾರಿಸಿದವರು. ಅವರು ಪುಟಸಂಖ್ಯೆ ಹಾಕದೆ ಅಧ್ಯಾಯಗಳನ್ನಷ್ಟೇ ಗುರುತಿಸಿದ್ದರೆ ‘ಗೋ ಟು’ ಗುಂಡಿ ಇದ್ದೂ ಇಲ್ಲದಂತೆ. ಯಂತ್ರವನ್ನು ಬೈಯುವವರಲ್ಲಿ ಅರ್ಧ ಜನ ನಿಜವಾಗಿ ಬೈಯಬೇಕಾದದ್ದು ಪುಸ್ತಕವನ್ನು. ಇನ್ನೊಂದು ಮಾತು: ಪಠ್ಯದ ಕಡತಗಳನ್ನು ಇಂಥ ಯಾವುದೇ ಯಂತ್ರ ಕೃತಕ ಧ್ವನಿಯಲ್ಲಿ ಓದಬೇಕಾದರೆ ನಿಮ್ಮ ಭಾಷೆಯ ಧ್ವನಿ ಅದರೊಳಗೆ ಇರಬೇಕು. ಕೊಳ್ಳುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ ಇದು.

ಫೋನಿನಲ್ಲೇ ಇದೆಲ್ಲ ಆಗುವುದಿಲ್ಲವೇ ಎಂದು ಕೇಳುತ್ತಾರೆ. ಆಗುತ್ತದೆ. ಮುದ್ರಿತ ಹಾಳೆಯ ಚಿತ್ರ ತೆಗೆದು ಓದಿಸಲು ನಾನೂ ಫೋನನ್ನೇ ಬಳಸುತ್ತೇನೆ. 1976ರಲ್ಲಿ ಕರ್ಜ್‌ವೈಲ್ ಓದುಯಂತ್ರ ಇದೇ ಕೆಲಸ ಮಾಡಲು ಮೇಜಿನ ಮೇಲೆ ಜಾಗ ಕೇಳುತ್ತಿತ್ತು. ಆದರೆ ನುಣುಪು ಗಾಜಿನ ಮೇಲೆ ಬೆರಳಿಗೆ ಮನೆಯಿಲ್ಲ. ಪಾಠ ಹೇಳುತ್ತಲೇ, ಮಾತು ನಿಲ್ಲಿಸದೆ, ಇನ್ನೊಂದು ಕೈಯಿಂದ ಮಾಡಬೇಕಾದ ಕೆಲಸಕ್ಕೆ ಗುಂಡಿಯೇ ಬೇಕು.

ಇನ್ನು ನಿರ್ವಹಣೆ. ನಮ್ಮಂಥವರಿಗೆ ಇದು ಬೇರೆಯೇ ವಿದ್ಯೆ, ಏಕೆಂದರೆ ಕೈಪಿಡಿಗಳು “ದೀಪ ಕೆಂಪಾದರೆ”, “ಕೊಳೆ ಕಂಡರೆ” ಎಂದು ಬರೆಯುತ್ತವೆ. ಒಮ್ಮೆ ಒಂದು ವಾರವಿಡೀ ನಾನು ಮುಗಿಸಿದ ಪುಸ್ತಕಗಳನ್ನು ಅಳಿಸಲಾಗದೆ ಒದ್ದಾಡಿದೆ. ಕಡೆಗೆ ಕಾರ್ಡನ್ನು ಹೊರತೆಗೆದು ಅಂಚು ಸವರಿದಾಗ ತಿಳಿಯಿತು: ದೊಡ್ಡ ಎಸ್‌ಡಿ ಕಾರ್ಡಿನ ಪಕ್ಕದಲ್ಲಿ ಉಗುರಿಗೆ ಸಿಗುವಷ್ಟು ಪುಟ್ಟ ಜಾರುಗುಂಡಿ ಇರುತ್ತದೆ, ಅದು ಕೆಳಗೆ ಸರಿದರೆ ಕಾರ್ಡಿಗೆ ಬೀಗ ಬಿದ್ದಂತೆ. ಹಿಂದಿನ ವಾರ ಕಾರ್ಡ್ ಹಾಕುವಾಗ ನಾನೇ ಅದನ್ನು ಸರಿಸಿದ್ದೆ. ಈಗ ಕಾರ್ಡ್ ಹಾಕುವ ಮುನ್ನ ಎರಡು ಕಡೆ ಸವರುತ್ತೇನೆ. ಕತ್ತರಿಸಿದ ಮೂಲೆ ದಿಕ್ಕು ಹೇಳುತ್ತದೆ, ಜಾರುಗುಂಡಿ ಬೀಗ ಹೇಳುತ್ತದೆ. ಯಂತ್ರ ಆರಿಸದೆ ಕಾರ್ಡ್ ಕೀಳಬಾರದು, ತಿಂಗಳಿಗೊಮ್ಮೆ ಕಾರ್ಡಿನಲ್ಲಿರುವುದೆಲ್ಲದರ ಪ್ರತಿಯನ್ನು ಕಂಪ್ಯೂಟರಿಗೆ ಹಾಕಿಡಬೇಕು. ಈ ಎರಡನ್ನೂ ನಾನು ಕಲಿತದ್ದು ಪುಸ್ತಕಗಳನ್ನು ಕಳೆದುಕೊಂಡೇ.

ಬ್ಯಾಟರಿ ಲಿಥಿಯಮ್-ಅಯಾನ್ ಆದ್ದರಿಂದ ಅದರ ಶತ್ರು ಬಿಸಿ. ರಜೆಯಲ್ಲಿ ತಿಂಗಳುಗಟ್ಟಲೆ ಎತ್ತಿಡುವುದಾದರೆ ಪೂರ್ತಿ ತುಂಬಿಸಿಯೂ ಇಡಬಾರದು, ಖಾಲಿ ಮಾಡಿಯೂ ಇಡಬಾರದು. ಅರ್ಧದಷ್ಟು ಇದ್ದರೆ ಚೆನ್ನ. ಬ್ಯಾಟರಿ ಉಬ್ಬಿದೆಯೇ ಎಂದು ನಾವು ನೋಡಲಾರೆವು, ಆದರೆ ಅದನ್ನು ಹೊರತೆಗೆದು ಸಮತಟ್ಟಾದ ಮೇಜಿನ ಮೇಲಿಟ್ಟು ನಾಲ್ಕು ಮೂಲೆಗಳನ್ನು ಒಂದೊಂದಾಗಿ ಮೆಲ್ಲಗೆ ಒತ್ತಿದರೆ ಸಾಕು. ಕಾಲು ಸಮವಿಲ್ಲದ ಪೀಠದಂತೆ ಓಲಾಡಿದರೆ ಅದರ ಕಾಲ ಮುಗಿಯಿತು. ಮತ್ತೆ ಚಾರ್ಜ್ ಮಾಡಬಾರದು, ಚುಚ್ಚಲಂತೂ ಬಾರದು. ಮುದಿಯಾದ ಬ್ಯಾಟರಿಯನ್ನು ನಾವೇ ತೆಗೆದು ಬದಲಿಸಬಹುದಾದ ಯಂತ್ರಕ್ಕೆ ನನ್ನ ಲೆಕ್ಕದಲ್ಲಿ ಎರಡು ಅಂಕ ಹೆಚ್ಚು. ಚಾರ್ಜರ್ ತುದಿಯನ್ನು ತಿರುಗುಮುರುಗಾಗಿ ತುರುಕದಿರಲು ಅದರ ಮೇಲ್ಭಾಗಕ್ಕೆ ಉಬ್ಬುಚುಕ್ಕೆಯ ಅಂಟುಚೀಟಿ ಹಚ್ಚಿದ್ದೇನೆ. ಇಂಥ ಚಿಲ್ಲರೆ ಉಪಾಯಗಳೇ ಯಂತ್ರದ ಆಯುಸ್ಸನ್ನು ಹೆಚ್ಚಿಸುವುದು.

ನನ್ನ ಎರಡನೆಯ ಯಂತ್ರ ಇಪ್ಪತ್ತು ಕೋಶಗಳ ಬ್ರೈಲ್ ಡಿಸ್ಪ್ಲೇ, ಅಂದರೆ ಪಠ್ಯವನ್ನು ಬೆರಳಿಗೆ ಸಿಗುವ ಉಬ್ಬುಚುಕ್ಕೆಗಳಾಗಿ ಸಾಲುಸಾಲಾಗಿ ಎತ್ತಿ ತೋರಿಸುವ ಯಂತ್ರ. ಕೋಶವೆಂದರೆ ಒಂದು ಬ್ರೈಲ್ ಅಕ್ಷರದ ಜಾಗ. ಕಂಪನಿಯ ಹೆಸರು ಹೇಳುವುದಿಲ್ಲ, ಏಕೆಂದರೆ ಮುಂದಿನದರಲ್ಲಿ ದೂರೂ ಇದೆ, ನನ್ನ ತಪ್ಪೂ ಇದೆ. ಒಂದೊಂದು ಕೋಶಕ್ಕೆ ಎಂಟು ಸೂಜಿಗಳು, ಒಟ್ಟು 160. ಪ್ರತಿ ಸೂಜಿಯ ಕೆಳಗೆ ತೆಳುವಾದ ಪೀಜೋ ಪಿಂಗಾಣಿ ಪಟ್ಟಿ ಇರುತ್ತದೆ. ಸುಮಾರು 200 ವೋಲ್ಟ್ ಕೊಟ್ಟಾಗ ಅದು ಬಾಗಿ ಸೂಜಿಯನ್ನು ಮೇಲೆತ್ತುತ್ತದೆ. ವೋಲ್ಟ್ ಹೆಚ್ಚಾದರೂ ಹರಿಯುವ ವಿದ್ಯುತ್ತು ಅತ್ಯಲ್ಪ, ಬೆರಳಿಗೆ ಭಯವಿಲ್ಲ. ಯಂತ್ರಕ್ಕೆ ಮಾತ್ರ ತೇವ ಆಗದು. ಹೆಸರು, ಕಾಗುಣಿತ, ಇಸವಿಗಳನ್ನು ಕಿವಿಗೆ ಒಪ್ಪಿಸಲಾಗದ ನನ್ನಂಥವಳಿಗೆ ಇದು ಬೇಕೇಬೇಕು. ಧ್ವನಿಯಲ್ಲಿ ಕೇಳಿದ ಪರದೇಶದ ಹೆಸರನ್ನು ವರ್ಷಗಟ್ಟಲೆ ತಪ್ಪಾಗಿ ಬರೆದುಕೊಂಡಿದ್ದೇನೆ, ಬೆರಳು ಹಾಗೆ ಮೋಸ ಮಾಡುವುದಿಲ್ಲ ಎಂದೇ ನಂಬಿದ್ದೆ.

ಹಾಗಿರುವಾಗ ಒಂದು ಸಂಜೆ ನನ್ನದೇ ಟಿಪ್ಪಣಿಯಲ್ಲಿ ಮೊದಲ ಮಹಾಯುದ್ಧ 1913ರಲ್ಲಿ ಶುರುವಾಯಿತು. ಮತ್ತೆ ಸವರಿದೆ, 1913ವೇ. ಸಾಲನ್ನು ಮುಂದಕ್ಕೆ ಸರಿಸಿದಾಗ ಅದೇ ಅಂಕಿ ಬೇರೆ ಕೋಶಕ್ಕೆ ಬಂದು 1914 ಆಯಿತು. ಬ್ರೈಲಿನಲ್ಲಿ 4 ಎಂದರೆ 1, 4, 5ನೆಯ ಚುಕ್ಕೆಗಳು. ಐದನೆಯದು ಏಳದಿದ್ದರೆ ಉಳಿಯುವುದು 1 ಮತ್ತು 4, ಅಂದರೆ 3. ಆರನೆಯ ಕೋಶದಲ್ಲಿ ಆ ಸೂಜಿ ಅಂಟಿಕೊಂಡಿತ್ತು. ಅಲ್ಲಿಗೆ ಬಂದ 8 ಎಲ್ಲವೂ 2, ಸೊನ್ನೆ ಎಲ್ಲವೂ 9. ಅಕ್ಷರ ತಪ್ಪಿದರೆ ಪದ ವಿಕಾರವಾಗಿ ಅನುಮಾನ ಬರುತ್ತದೆ, ಅಂಕಿ ತಪ್ಪಿದರೆ ಅದು ಗಂಭೀರ ಮುಖ ಹೊತ್ತು ಕೂತಿರುತ್ತದೆ. ಎಷ್ಟು ದಿನದಿಂದ ಹೀಗಿತ್ತೋ, ಯಾವ ಯಾವ ಇಸವಿಗಳನ್ನು ತರಗತಿಯಲ್ಲಿ ಹಾಗೆಯೇ ಹೇಳಿದೆನೋ ಎಂದು ರಾತ್ರಿ ನಿದ್ದೆ ಬರಲಿಲ್ಲ.

ಕಾರಣ ನಾನೇ. ಕೈಗೆ ಕ್ರೀಮ್ ಹಚ್ಚಿಕೊಂಡು ಓದಲು ಕೂರುವ ಚಾಳಿ. ಆ ಜಿಡ್ಡಿಗೆ ಧೂಳು ಸೇರಿ ಸೂಜಿಯ ರಂಧ್ರದೊಳಗೆ ಇಳಿಯುತ್ತದೆ. ದುರಸ್ತಿಗೆ ಕಳುಹಿಸಿದರೆ ಆರು ವಾರ ಸುದ್ದಿಯಿಲ್ಲ. ಮರಳಿದಾಗ ಒಂದು ಸಾಲಿನ ವಿವರಣೆಯೂ ಇಲ್ಲದೆ ಮರಳಿತು. ಆರು ವಾರ ಬ್ರೈಲ್ ಇಲ್ಲದೆ ಇರುವುದೆಂದರೆ, ಕಣ್ಣಿದ್ದವರ ಕನ್ನಡಕ ಕಸಿದುಕೊಂಡು “ಕಾಯಿರಿ” ಎಂದಂತೆ. ದುರಸ್ತಿಗೆ ಹೋದಾಗ ಬದಲಿ ಯಂತ್ರ ಕೊಡುತ್ತಾರೆಯೇ ಎಂದು ಕೊಳ್ಳುವಾಗಲೇ ಬರಹದಲ್ಲಿ ಕೇಳಿ. ನಾನು ಕೇಳಿರಲಿಲ್ಲ.

ಈಗ ಕೈ ತೊಳೆದು, ಪೂರ್ತಿ ಒರಸಿ ಒಣಗಿದ ಮೇಲೆಯೇ ಮುಟ್ಟುತ್ತೇನೆ. ಓದದಾಗ ಮುಚ್ಚಳ ಹಾಕಿರುತ್ತೇನೆ. ಯಂತ್ರ ಆರಿಸಿ, ಎಳೆ ಬಿಡದ ಒಣ ಬಟ್ಟೆಯಿಂದ ಮೇಲ್ಮೈ ಒರಸುತ್ತೇನೆ. ದ್ರವವನ್ನು ನೇರವಾಗಿ ಸೂಜಿಗಳ ಮೇಲೆ ಸಿಂಪಡಿಸುವುದು ಎಂದಿಗೂ ಇಲ್ಲ. ಇಪ್ಪತ್ತು ಕೋಶಗಳಲ್ಲೂ ಎಂಟೂ ಚುಕ್ಕೆ ಏಳುವ ಒಂದೇ ಸಾಲಿನ ಕಡತ ಮಾಡಿಟ್ಟುಕೊಂಡು, ಪ್ರತಿ ಭಾನುವಾರ ಬೆಳಿಗ್ಗೆ ಅದನ್ನು ತೆರೆದು ತೋರುಬೆರಳನ್ನು ಮೆಲ್ಲಗೆ ಹಾಯಿಸುತ್ತೇನೆ. ಎಲ್ಲಿ ತಗ್ಗಿದೆಯೋ ಅಲ್ಲಿ ಬೆರಳು ನಿಲ್ಲುತ್ತದೆ.

ಮೊನ್ನೆಯ ಭಾನುವಾರ ಆರನೆಯದು ಸರಿಯಾಗಿಯೇ ಎದ್ದಿತು. ಹದಿನೇಳನೆಯದರ ಕೆಳಚುಕ್ಕೆಯೊಂದು ಮಾತ್ರ ಸ್ವಲ್ಪ ಸೋಮಾರಿಯಾದಂತೆ ಅನ್ನಿಸಿತು. ನಾಳೆ ಮತ್ತೊಮ್ಮೆ ಸವರಿ ನೋಡಬೇಕು.