ಗ್ರೂಮಿಂಗ್ ಮುಗಿಸಿ ಬಂದ ಬೆಕ್ಕಿನ ಚರ್ಮವನ್ನು ಮೂರು ವಾರ ಗಮನಿಸಿ

ಉದ್ದ ಕೂದಲಿನ ಬೆಕ್ಕೊಂದಕ್ಕೆ ಆದದ್ದು ಇದು. ಹೊಟ್ಟೆಯಡಿ, ಕಂಕುಳಲ್ಲಿ ಕೂದಲು ಜಡೆಗಟ್ಟಿತ್ತು ಎಂದು ಗ್ರೂಮಿಂಗ್‌ಗೆ ಬಿಟ್ಟರು. ಅಲ್ಲಿ ಮೊದಲು ಸ್ನಾನ, ಆಮೇಲೆ ಕ್ಲಿಪ್ಪರ್ ಎಂಬ ಕೂದಲು ಬೋಳಿಸುವ ಯಂತ್ರ. ಸಂಜೆ ಮನೆಗೆ ಬಂದಾಗ ಮೈಯೆಲ್ಲ ನುಣುಪು, ಘಮಘಮ. ರಾತ್ರಿ ಬಿಡದೆ ಹೊಟ್ಟೆ ನೆಕ್ಕತೊಡಗಿತು. ಮಾರನೆಯ ದಿನ ತೊಡೆಸಂದು ಕೆಂಪಾಯಿತು, ಮೂರನೆಯ ದಿನಕ್ಕೆ ಅದೇ ಜಾಗ ಒಸರುವ ಹುಣ್ಣು. ಎರಡು ವಾರ ಕಳೆದ ಮೇಲೆ ಕಿವಿಯ ಬುಡದಲ್ಲಿ ನಾಣ್ಯದಗಲ ಕೂದಲು ಉದುರಿತು. ಮನೆಯವರೊಬ್ಬರ ಮುಂಗೈ ಮೇಲೂ ಉಂಗುರದಂಥ ಕಲೆ ಎದ್ದಿತು. ಗ್ರೂಮಿಂಗ್‌ನವರು ಹೇಳಿದ್ದು ‘ಅಲರ್ಜಿ ಇರಬೇಕು’ ಎಂದು. ಅಲರ್ಜಿಯಲ್ಲ. ಎರಡು ಬೇರೆ ಬೇರೆ ತಪ್ಪುಗಳು, ಎರಡೂ ತಪ್ಪಿಸಬಹುದಾಗಿದ್ದವು. ತೊಂದರೆ ಎಷ್ಟನೆಯ ದಿನ ಕಾಣಿಸಿತು ಎನ್ನುವುದರಲ್ಲೇ ಕಾರಣದ ಸುಳಿವಿರುತ್ತದೆ.

ಒಂದೆರಡು ದಿನದೊಳಗೆ ಕೆಂಪಾದರೆ ಮೊದಲ ಅನುಮಾನ ಬ್ಲೇಡಿನ ಮೇಲೆ. ಬೆಕ್ಕಿನ ಚರ್ಮ ತೆಳು, ಸಡಿಲ. ಜಡೆಯನ್ನು ಎತ್ತಿ ಹಿಡಿದರೆ ಚರ್ಮವೂ ಡೇರೆಯಂತೆ ಎದ್ದು ಬರುತ್ತದೆ, ಆಗ ಕತ್ತರಿ ಹಾಕಿದರೆ ಕೂದಲಿನ ಜೊತೆ ಚರ್ಮವೂ ತುಂಡು. ಜಡೆಗೆ ಕತ್ತರಿ ಬೇಡವೇ ಬೇಡ. ನೀರು ಬಿದ್ದರೆ ಗಂಟು ಇನ್ನೂ ಬಿಗಿದುಕೊಳ್ಳುತ್ತದೆ, ಹಾಗಾಗಿ ಗಂಟು ತೆಗೆದ ಮೇಲೆಯೇ ಸ್ನಾನ ಮಾಡಿಸಬೇಕು. ಈ ಬೆಕ್ಕಿಗೆ ಮಾಡಿದ್ದು ಅದರ ತದ್ವಿರುದ್ಧ. ಜಡೆ ಬೋಳಿಸಲು 10ನೇ ನಂಬರಿನ ಬ್ಲೇಡ್ ಸರಿ, ಅದು ಸುಮಾರು 1.5 ಮಿ.ಮೀ. ಕೂದಲು ಉಳಿಸುತ್ತದೆ. ಹಲ್ಲುಗಳ ನಡುವೆ ಅಂತರ ಹೆಚ್ಚಿರುವ ಬ್ಲೇಡಿಗೆ ಚರ್ಮದ ಮಡಿಕೆ ಸಿಕ್ಕಿಕೊಳ್ಳುತ್ತದೆ. ಚರ್ಮವನ್ನು ಒಂದು ಕೈಯಲ್ಲಿ ಎಳೆದು ಮಟ್ಟ ಮಾಡಿಕೊಂಡು, ಬ್ಲೇಡನ್ನು ಚಪ್ಪಟೆಯಾಗಿ ಇಟ್ಟು, ಒತ್ತದೆ ಸಾಗಬೇಕು. ಕಂಕುಳು, ತೊಡೆಸಂದು, ಮೊಲೆತೊಟ್ಟಿನ ಸುತ್ತ ಇನ್ನೂ ನಿಧಾನ. ಗಂಡು ಬೆಕ್ಕಿಗೂ ಮೊಲೆತೊಟ್ಟುಗಳಿರುತ್ತವೆ, ಕೂದಲಿನಡಿ ಕಾಣುವುದಿಲ್ಲ. ಕೆಲವು ನಿಮಿಷ ಓಡಿದರೆ ಬ್ಲೇಡ್ ಕಾಯುತ್ತದೆ. ಆಗಾಗ ಮಣಿಕಟ್ಟಿನ ಒಳಮೈಗೆ ತಾಗಿಸಿ ನೋಡಬೇಕು, ಬಿಸಿ ಅನ್ನಿಸಿದರೆ ಆ ಬ್ಲೇಡ್ ಇಳಿಸಿ ಬೇರೆಯದು ಹಾಕಬೇಕು.

ಬ್ಲೇಡ್ ಮಾಡಿದ ಗಾಯ ಹಲವು ಸಲ ಬರೀ ತರಚು. ಅದನ್ನು ಹುಣ್ಣು ಮಾಡುವುದು ನಾಲಿಗೆ. ಬೆಕ್ಕಿನ ನಾಲಿಗೆಯ ಮೇಲೆ ಗಂಟಲ ಕಡೆಗೆ ಬಾಗಿದ ಗಡುಸು ಮುಳ್ಳುಗಳಿರುತ್ತವೆ. ಉರಿಯುವ ಜಾಗವನ್ನು ರಾತ್ರಿಯಿಡೀ ನೆಕ್ಕಿದರೆ ಮರಳುಕಾಗದದಿಂದ ಉಜ್ಜಿದ ಹಾಗೆ. ಆದ್ದರಿಂದ ಕೆಂಪು ಕಂಡ ಕೂಡಲೇ ಕುತ್ತಿಗೆಗೆ ಕೋನ್ (ನಾಲಿಗೆ ಮೈಗೆ ತಾಗದಂತೆ ತಡೆಯುವ ಕೊಳವೆಯಾಕಾರದ ಪಟ್ಟಿ) ಹಾಕಿ, ಊಟದ ಹೊತ್ತಿಗೆ ಮಾತ್ರ ತೆಗೆಯಿರಿ. ತಣ್ಣೀರಿನಲ್ಲಿ ಹಿಂಡಿದ ಬಟ್ಟೆ ಇಟ್ಟರೆ ಉರಿ ಇಳಿಯುತ್ತದೆ. ಮನುಷ್ಯರ ಮುಲಾಮು ಹಚ್ಚಬೇಡಿ: ಅದು ನೇರ ಹೊಟ್ಟೆಗೇ ಹೋಗುತ್ತದೆ, ಸತುವಿರುವ ಕ್ರೀಮ್ ವಿಷ. ನೋವಿಗೆಂದು ಪ್ಯಾರಾಸಿಟಮಾಲ್ ಕೊಟ್ಟರೆ ಬೆಕ್ಕು ಸಾಯಬಹುದು.

ಡ್ರೈಯರ್ ಸುಟ್ಟದ್ದು ತಡವಾಗಿ ಗೊತ್ತಾಗುತ್ತದೆ. ಕೂದಲು ಮುಚ್ಚಿಟ್ಟಿರುತ್ತದೆ, ಕೆಲವು ದಿನ ಕಳೆದು ಬೆನ್ನಿನ ಮೇಲೆ ಕೈಯಾಡಿಸಿದಾಗ ಗಟ್ಟಿ ಹಕ್ಕಳೆ ಸಿಗುತ್ತದೆ, ಕೂದಲಿನ ಸಮೇತ ಎದ್ದು ಬರುತ್ತದೆ. ಪಂಜರದೊಳಗೆ ಬಿಸಿಗಾಳಿ ಬಿಟ್ಟು ಆಚೆ ಹೋಗುವ ಪದ್ಧತಿ ಇರುವಲ್ಲಿಗೆ ಬೆಕ್ಕನ್ನು ಕೊಡಲೇಬೇಡಿ.

ಕೀವುಗುಳ್ಳೆ, ಮುಟ್ಟಿದರೆ ಚೀರುವಷ್ಟು ನೋವು, ಜ್ವರ ಇದ್ದರೆ ಶಾಂಪೂ ಬಾಟಲಿಯನ್ನೂ ಅನುಮಾನಿಸಬೇಕು. ನೀರು ಬೆರೆಸಿ ದಿನಗಟ್ಟಲೆ ಇಟ್ಟ ಶಾಂಪೂವಿನಲ್ಲಿ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಈ ಕಾಯಿಲೆ ಹೆಚ್ಚಾಗಿ ಕಂಡದ್ದು ನಾಯಿಗಳಲ್ಲಿ, ಆದರೆ ಎರಡಕ್ಕೂ ಒಂದೇ ಬಾಟಲಿ ಬಳಸುವವರಿದ್ದಾರೆ.

ಇನ್ನು ಕಿವಿಯ ಬುಡದ ಆ ಬೋಳು ಮಚ್ಚೆ. ಒಂದರಿಂದ ಮೂರು ವಾರದ ನಡುವೆ ಹೊಟ್ಟು ಏಳುತ್ತ ದುಂಡಗೆ ಕೂದಲು ಉದುರಿದರೆ ಹುಳುಕಡ್ಡಿ ಎಂದೇ ಎಣಿಸಿ ಪರೀಕ್ಷೆ ಮಾಡಿಸಿ. ಹೆಸರಲ್ಲಿ ಹುಳು ಇದ್ದರೂ ಇದು ಶಿಲೀಂಧ್ರ, ಬೆಕ್ಕುಗಳಲ್ಲಿ ಬಹುಪಾಲು ಮೈಕ್ರೋಸ್ಪೋರಮ್ ಕ್ಯಾನಿಸ್. ಮಚ್ಚೆಯೇ ಇಲ್ಲದ ಬೆಕ್ಕೂ ಮೈತುಂಬ ಇದರ ಬೀಜಕಗಳನ್ನು ಹೊತ್ತಿರಬಹುದು. ಅದರ ಕೂದಲು ಬ್ರಷ್, ಬ್ಲೇಡ್, ಟವೆಲ್‌ನಲ್ಲಿ ಉಳಿದರೆ ಮುಂದಿನ ಬೆಕ್ಕಿನ ತರಚುಗಳೇ ಅದಕ್ಕೆ ಬಾಗಿಲು. ವುಡ್ಸ್ ದೀಪ ಎಂಬ ನೇರಳಾತೀತ ಬೆಳಕಿನ ದೀಪದಡಿ ಹಸಿರಾಗಿ ಹೊಳೆಯದಿದ್ದ ಮಾತ್ರಕ್ಕೆ ಇಲ್ಲ ಎನ್ನುವಂತಿಲ್ಲ. ಕೂದಲಿನ ಕಲ್ಚರ್‌ಗೆ, ಅಂದರೆ ಶಿಲೀಂಧ್ರವನ್ನು ಬೆಳೆಸಿ ನೋಡುವ ಪರೀಕ್ಷೆಗೆ, ಎರಡು ಮೂರು ವಾರ ಕಾಯಬೇಕಾದೀತು. ಅಲ್ಲಿಯವರೆಗೆ ಬೆಕ್ಕು ಒಂದೇ ಕೋಣೆಯಲ್ಲಿರಲಿ, ಮಕ್ಕಳು ಮುಟ್ಟದಿರಲಿ; ಮುಂಗೈ ಮೇಲಿನ ಆ ಉಂಗುರದಂತೆ ಇದು ಮನುಷ್ಯರಿಗೂ ಅಂಟುತ್ತದೆ. ಕೋಣೆಯಲ್ಲಿ ಬಿದ್ದ ಕೂದಲು ಗುಡಿಸಿ, ನೆಲವನ್ನು ಸೋಪುನೀರಿನಲ್ಲಿ ತೊಳೆದು, ಆಮೇಲೆ ಸೋಂಕುನಾಶಕ ಹಾಕಿ ಹತ್ತು ನಿಮಿಷ ಬಿಡಿ. ಕೊಳೆಯ ಮೇಲೇ ಸ್ಪ್ರೇ ಹೊಡೆದರೆ ಪ್ರಯೋಜನವಿಲ್ಲ. ಬೀಜಕಗಳು ತಿಂಗಳುಗಟ್ಟಲೆ ಬದುಕುತ್ತವೆ.

ಬಿಡುವ ಮುನ್ನ ಕೇಳಿ: ಹಿಂದಿನ ಬೆಕ್ಕಿನ ನಂತರ ಬ್ಲೇಡ್, ಬ್ರಷ್ ಹೇಗೆ ತೊಳೆದಿರಿ? ಶಾಂಪೂ ಯಾವತ್ತು ಕಲಸಿದ್ದು? ಚಿಗಟಕ್ಕೆ ಏನು ಹಾಕುತ್ತೀರಿ? ಕೊನೆಯ ಪ್ರಶ್ನೆ ಮರೆಯಲೇಬೇಡಿ. ನಾಯಿಗಳ ಚಿಗಟದ ಔಷಧಿಯಲ್ಲಿರುವ ಪರ್ಮೆಥ್ರಿನ್ ಅನ್ನು ಬೆಕ್ಕಿನ ಯಕೃತ್ತು ಬೇಗ ಕರಗಿಸಲಾರದು. ಮನೆಗೆ ಬಂದ ಬೆಕ್ಕು ಕಿವಿ ಕುಣಿಸುತ್ತ, ಮೈ ನಡುಗಿಸುತ್ತ, ತೂರಾಡುತ್ತಿದ್ದರೆ ಚರ್ಮ ನೋಡುತ್ತ ಕೂರಬೇಡಿ. ಆಗಲೇ ಪಶುವೈದ್ಯರಿಗೆ ಫೋನ್ ಮಾಡಿ, ಹಾಕಿದ ಔಷಧಿಯ ಹೆಸರು ಕೇಳಿಕೊಂಡು ಹೊರಡಿ.