ಆಸಿಡ್ ಇದ್ದ ಬಕೆಟ್‌ಗೆ ಬ್ಲೀಚಿಂಗ್ ಪೌಡರ್ ಹಾಕಿದೆವು

ಇದನ್ನು ಬರೆಯಲು ಒಂದು ವರ್ಷ ತಡ ಮಾಡಿದೆ. ಈ ಬೇಸಿಗೆಗೆ ನಮ್ಮ ಅಕ್ಕಪಕ್ಕದ ಮೂರು ತೋಟಗಳಲ್ಲಿ ಈಜುಕೊಳ ಕಟ್ಟುತ್ತಿದ್ದಾರೆ. ಈಗಲೂ ಸುಮ್ನೆ ಇದ್ದರೆ ತಪ್ಪಾಗುತ್ತದೆ.

ನಮ್ಮದು ಚಿಕ್ಕಬಳ್ಳಾಪುರದ ಹತ್ತಿರ, ನಂದಿ ಬೆಟ್ಟ ಕಾಣುವ ಕಡೆ ಸಣ್ಣ ದ್ರಾಕ್ಷಿ ತೋಟ. ಬೆಟ್ಟಕ್ಕೆ ಬಂದವರು ರಾತ್ರಿ ಉಳಿಯಲಿ ಅಂತ ಎರಡು ಕೋಣೆ ಕಟ್ಟಿದೆವು. ಮಕ್ಕಳಿಗಾಗಿ 20 ಅಡಿ ಉದ್ದ, 12 ಅಡಿ ಅಗಲ, 4 ಅಡಿ ಆಳದ ಕೊಳ ಮಾಡಿಸಿದೆವು. ಸುಮಾರು 27,000 ಲೀಟರ್ ಹಿಡಿಯುತ್ತದೆ. ತುಂಬಿದ್ದು ಬೋರ್‌ವೆಲ್ ನೀರು. ನಮ್ಮ ಬೋರ್ ನೀರು ಹೇಗೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಬಕೆಟ್‌ಗೆ ಬಿಳಿ ಪೊರೆ ಕಟ್ಟುತ್ತದೆ. ಅದೇ ನೀರು ಕೊಳದಲ್ಲಿ ಏನು ಮಾಡೀತು ಅಂತ ಮಾತ್ರ ನಾವು ಯೋಚಿಸಲಿಲ್ಲ.

ಯುಗಾದಿ ಕಳೆದ ಮೇಲೆ ನೀರು ಬೆಳ್ಳಗಾಯಿತು. ಅಕ್ಕಿ ತೊಳೆದ ನೀರಿನ ಹಾಗೆ. ಕೊಳದ ಸಾಮಾನು ಮಾರುವ ಅಂಗಡಿಯವರಿಗೆ ಫೋನ್ ಮಾಡಿದೆವು. ಅವರು ಬಂದು ನೋಡಲಿಲ್ಲ, ಅಳತೆ ಕೇಳಲಿಲ್ಲ. "ಬ್ಲೀಚಿಂಗ್ ಪೌಡರ್ ಎರಡು ಕೆಜಿ ಹಾಕಿ, ಸರಿ ಹೋಗುತ್ತೆ" ಅಂದರು. ಹಾಕಿದೆವು. ಬೆಳಗ್ಗೆ ನೋಡಿದರೆ ಇನ್ನೂ ಬೆಳ್ಳಗಿತ್ತು.

ಕಾರಣ ಆಮೇಲೆ ತಿಳಿಯಿತು. ಬ್ಲೀಚಿಂಗ್ ಪೌಡರ್‌ನಲ್ಲಿ ಸುಣ್ಣದ ಅಂಶ ಇರುತ್ತದೆ. ನಮ್ಮ ನೀರಿನಲ್ಲಿ ಕ್ಯಾಲ್ಸಿಯಂ ಮೊದಲೇ ಜಾಸ್ತಿ. ಪೌಡರ್ ಹಾಕಿದಾಗ ಪಿಎಚ್, ಅಂದರೆ ನೀರು ಹುಳಿಯೋ ಕ್ಷಾರವೋ ಅಂತ ತೋರಿಸುವ ಅಂಕಿ, ಏರುತ್ತದೆ. ಪಿಎಚ್ ಏರಿದರೆ ಕರಗಿದ್ದ ಸುಣ್ಣ ಪುಡಿಯಾಗಿ ಹೊರಬಂದು ನೀರನ್ನು ಬೆಳ್ಳಗೆ ಮಾಡುತ್ತದೆ. ಅಂದರೆ ನಾವು ಔಷಧಿ ಅಂತ ಹಾಕಿದ್ದು ರೋಗವನ್ನೇ. ಇನ್ನೊಂದು ವಿಷಯ: ಪಿಎಚ್ 7.5ರ ಹತ್ತಿರ ಇದ್ದಾಗ ಪೌಡರ್ ನೀರಿಗೆ ಕೊಡುವ ಕ್ಲೋರಿನ್‌ನ ಅರ್ಧದಷ್ಟು ಕ್ರಿಮಿ ಕೊಲ್ಲುವ ರೂಪದಲ್ಲಿರುತ್ತದೆ. 8 ದಾಟಿದರೆ ಕಾಲು ಭಾಗವೂ ಉಳಿಯುವುದಿಲ್ಲ. ಆದ್ದರಿಂದ ಪಿಎಚ್ ನೋಡದೆ ಎಷ್ಟು ಕ್ಲೋರಿನ್ ಸುರಿದರೂ ಹಾಕಿದ್ದಕ್ಕೆ ತಕ್ಕ ಫಲ ಸಿಗುವುದಿಲ್ಲ.

ಆಗ ಟೆಸ್ಟ್ ಕಿಟ್ ತಂದೆವು. ನೀರಿಗೆ ಮಾತ್ರೆ ಹಾಕಿದರೆ ಗುಲಾಬಿ ಬಣ್ಣ ಬರಬೇಕು, ಬಣ್ಣ ಗಾಢವಾದಷ್ಟೂ ಕ್ಲೋರಿನ್ ಜಾಸ್ತಿ. ನಮ್ಮ ನೀರಿನಲ್ಲಿ ಗುಲಾಬಿ ಒಂದು ಕ್ಷಣ ಮಿಂಚಿ ಮಾಯವಾಯಿತು. ಕ್ಲೋರಿನ್ ಇಲ್ಲವೇ ಇಲ್ಲ ಅಂದುಕೊಂಡು ಇನ್ನೊಂದು ಕೆಜಿ ಸುರಿದೆವು. ದಯವಿಟ್ಟು ಈ ಮಾತು ನೆನಪಿಡಿ. ಕ್ಲೋರಿನ್ ವಿಪರೀತ ಇದ್ದರೆ ಅದು ಆ ಬಣ್ಣವನ್ನೇ ಸುಟ್ಟುಬಿಡುತ್ತದೆ, ಸೊನ್ನೆ ಇದ್ದ ಹಾಗೆ ಕಾಣುತ್ತದೆ. ಅನುಮಾನ ಬಂದರೆ ಒಂದು ಪಾಲು ಕೊಳದ ನೀರಿಗೆ ಒಂಬತ್ತು ಪಾಲು ಬಾಟಲಿ ನೀರು ಬೆರೆಸಿ ನೋಡಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ. ಲೀಟರಿಗೆ 1ರಿಂದ 3 ಮಿಲಿಗ್ರಾಂ ಇರಬೇಕಾದ ಕಡೆ ನಮ್ಮದು 20 ದಾಟಿತ್ತು. ಲೆಕ್ಕ ಹಾಕಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ನಮ್ಮಷ್ಟು ನೀರಿಗೆ 1 ಮಿಲಿಗ್ರಾಂ ಏರಿಸಲು ಒಳ್ಳೆಯ ಬ್ಲೀಚಿಂಗ್ ಪೌಡರ್ ಸುಮಾರು 90 ಗ್ರಾಂ ಸಾಕು. ನಾವು ಹಾಕಿದ್ದು ಮೂರು ಕೆಜಿ.

ಅಂಗಡಿಗೆ ಮತ್ತೆ ಫೋನ್ ಮಾಡಿದೆವು. "ಪಿಎಚ್ ಇಳಿಸಲು ಆಸಿಡ್ ಹಾಕಿ, ಜೊತೆಗೆ ಪೌಡರ್ ಕೂಡ ಹಾಕಿ" ಅಂದರು. ಜೊತೆಗೆ. ಆ ಒಂದು ಪದ.

ಪಂಪ್ ಕೋಣೆ ಅರ್ಧ ನೆಲದೊಳಗಿದೆ. ನಾಲ್ಕು ಮೆಟ್ಟಿಲು ಇಳಿಯಬೇಕು. ತಮ್ಮ ಅಲ್ಲಿ ಬಕೆಟ್‌ಗೆ ಆಸಿಡ್ ಬಗ್ಗಿಸಿದ. ಎರಡನ್ನೂ ಒಟ್ಟಿಗೆ ಸುರಿದು ಬರೋಣ ಅಂತ ಅದಕ್ಕೇ ಒಂದು ಮಗ್ ಪೌಡರ್ ಹಾಕಿದ. ಬುಸ್ ಅಂತ ನೊರೆ ಎದ್ದಿತು. ಹಳದಿ ಹಸಿರು ಬಣ್ಣದ ಹೊಗೆ. ನಾನು ಮೇಲಿನ ಮೆಟ್ಟಿಲ ಮೇಲಿದ್ದೆ. ಅವನು ಕೂಗಲಿಲ್ಲ, ಉಸಿರೇ ಇರಲಿಲ್ಲ. ಗೋಡೆ ಹಿಡಿದು ಹತ್ತಿ ಬಂದ. ನಾನು ಎರಡು ಮೆಟ್ಟಿಲು ಇಳಿದು ಕೈ ಹಿಡಿದು ಎಳೆದೆ. ಅಷ್ಟಕ್ಕೇ ನನ್ನ ಗಂಟಲು ಉರಿದು ಕಣ್ಣು ಕಾಣದಾಯಿತು.

ಅದು ಕ್ಲೋರಿನ್ ಅನಿಲ. 1915ರಲ್ಲಿ ಬೆಲ್ಜಿಯಂನ ಈಪರ್ ಬಳಿ ಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟಿದ್ದು ಇದನ್ನೇ. ಗಾಳಿಗಿಂತ ಭಾರ, ತಗ್ಗಿನಲ್ಲೇ ನಿಲ್ಲುತ್ತದೆ. ಅದಕ್ಕೇ ನೆಲದೊಳಗಿನ ಕೋಣೆ ಇನ್ನೂ ಅಪಾಯ. ತಮ್ಮ ಎರಡು ದಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದ. ಈಗ ಸರಿ ಇದೆ ಅಂತ ಮನೆಗೆ ಕರೆದುಕೊಂಡು ಹೋಗುವವರಿದ್ದೆವು, ಡಾಕ್ಟರ್ ಬಿಡಲಿಲ್ಲ. ಕೆಲವು ಗಂಟೆ ಕಳೆದ ಮೇಲೂ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು ಅಂದರು. ಯಾರಿಗಾದರೂ ಹೀಗಾದರೆ ತಕ್ಷಣ ಹೊರಗೆ, ಎತ್ತರದ ಜಾಗಕ್ಕೆ ಕರೆದೊಯ್ಯಿರಿ. ಬಟ್ಟೆ ಬದಲಿಸಿ, ಕಣ್ಣಿಗೆ 15 ನಿಮಿಷ ನೀರು ಹಾಕಿ, 108ಕ್ಕೆ ಫೋನ್ ಮಾಡಿ. ಬಕೆಟ್ ತೆಗೆಯಲು ಒಳಗೆ ಹೋಗಲೇಬೇಡಿ.

ಕೊಳ ಇಲ್ಲದವರಿಗೂ ಇದು ಬೇಕು. ಬಚ್ಚಲು ತೊಳೆಯುವಾಗ ಟಾಯ್ಲೆಟ್ ಆಸಿಡ್ ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸುವವರು ನಮ್ಮ ಕಡೆ ಎಷ್ಟು ಜನ ಇದ್ದಾರೆ, ಅಲ್ವಾ?

ಆಮೇಲೆ ಸುಮಾರು ಅರ್ಧ ನೀರು ತೆಗೆದೆವು. ಮಳೆಗಾಲದಲ್ಲಿ ಚಾವಣಿ ನೀರು ಹಿಡಿದು ಬೋರ್ ನೀರಿಗೆ ಬೆರೆಸಿದೆವು, ಮಳೆ ನೀರಿಗೆ ಗಡಸುತನ ಇರುವುದಿಲ್ಲ. ಪೌಡರ್ ಬಿಟ್ಟು ಕ್ಲೋರಿನ್ ಕೊಡುವ ದ್ರವ, ಸೋಡಿಯಂ ಹೈಪೋಕ್ಲೋರೈಟ್‌ಗೆ ಬಂದೆವು, ಅದರಲ್ಲಿ ಕ್ಯಾಲ್ಸಿಯಂ ಇಲ್ಲ. ಹಗಲು ಹಾಕಿದರೆ ಬಿಸಿಲು ತಿಂದುಬಿಡುತ್ತದೆ ಅಂತ ಸಂಜೆ ಹಾಕುತ್ತೇವೆ. ಆಸಿಡ್ ಬೇಕಾದರೆ ಬೆಳಗ್ಗೆ, ಬಯಲಲ್ಲಿ, ನೀರು ತುಂಬಿದ ಬಕೆಟ್‌ಗೆ ಆಸಿಡ್ ಬಿಡುತ್ತೇವೆ. ಆಸಿಡ್‌ಗೆ ನೀರು ಬಿಡುವುದಿಲ್ಲ, ಸಿಡಿಯುತ್ತದೆ. ಅದರ ಬಕೆಟ್ ಬೇರೆ, ಮಗ್ ಬೇರೆ, ಇಡುವ ಕೋಣೆಯೂ ಬೇರೆ. ಪಿಎಚ್ 7.2ರಿಂದ 7.8ರ ಒಳಗೆ ಇದೆಯಾ ಅಂತ ದಿನಾ ನೋಡಿ ಗೋಡೆಯ ಹಲಗೆ ಮೇಲೆ ಬರೆಯುತ್ತೇವೆ.

ರಜೆಗೆ ಮಕ್ಕಳನ್ನು ಕರೆದುಕೊಂಡು ಇಂಥ ಜಾಗಗಳಿಗೆ ಹೋಗುವವರು ಇಳಿಯುವ ಮೊದಲು ಕೊಳದ ತಳ ನೋಡಿ. ತಳದ ಜಾಲರಿ ಸ್ಪಷ್ಟವಾಗಿ ಕಾಣದಿದ್ದರೆ ಮಗುವನ್ನು ಇಳಿಸಬೇಡಿ. ಮೂಗಿಗೆ ಹೊಡೆಯುವ ವಾಸನೆ ಇದ್ದರೆ ಸ್ವಚ್ಛ ಅಂತ ನಾವೂ ಅತಿಥಿಗಳಿಗೆ ಹೇಳುತ್ತಿದ್ದೆವು, ಅದು ತಪ್ಪು. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಬರುವ ವಾಸನೆ ಅದು. ಇವತ್ತಿನ ಪಿಎಚ್ ಎಷ್ಟು, ಕ್ಲೋರಿನ್ ಎಷ್ಟು ಅಂತ ಅಲ್ಲಿಯವರನ್ನು ಕೇಳಿ. ನಮ್ಮ ತೋಟಕ್ಕೆ ಬಂದರೂ ಕೇಳಿ.